ತೊರೆಯ ದಡದ ಬಿಡಾರ

ಕಾರ್ತಿಕ ಮಾಸದಲ್ಲಿ ಊರ ಹೊರಗಿನ ತೋಪಿಗೆ ಹೋಗಿ, ನೆಲ್ಲಿಯ ಮರದ ನೆರಳಿನಲ್ಲಿ ಅಡಿಗೆ ಮಾಡಿ ಉಂಡು, ಹೊತ್ತು ಮುಳುಗುವ ವೇಳೆಗೆ ಮನೆಗೆ ಮರಳುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ವನಭೋಜನವೆಂಬ ಹೆಸರನ್ನು ಕೇಳಿದೊಡನೆಯೇ ಮನಸ್ಸು ಅರಳುವುದು. ಆದರೆ ಮರುದಿನ ಅದೇ ತೋಪಿನ ಕಡೆಗೆ ಹೋದವರ ಕಣ್ಣಿಗೆ ಬೀಳುವುದೇನು? ಮೂರು ಕಲ್ಲಿನ ಒಲೆಯ ಮಸಿ, ಗಾಳಿಗೆ ಹಾರಾಡುವ ಎಂಜಲೆಲೆ, ಸೌದೆಗಾಗಿ ಮುರಿದ ಹಸಿಯ ಕೊಂಬೆ. ಹತ್ತು ಮಂದಿಯ ಒಂದು ಹೊತ್ತಿನ ಊಟಕ್ಕೆ ಇಷ್ಟು ಗುರುತು ಉಳಿಯುವುದಾದರೆ, ವರ್ಷವರ್ಷವೂ ಸಾವಿರಾರು ಮಂದಿ ಬಂದು ರಾತ್ರಿಗಳನ್ನು ಕಳೆದು ಹೋಗುವ ಒಂದು ಬೆಟ್ಟದ ತೊರೆಯ ಪಾಡು ಏನಾದೀತು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜನರು ಈ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆ ಎದುರಿಸಬೇಕಾಗಿ ಬಂದಿತು. ಅವರು ಅದಕ್ಕೆ ಕಂಡುಕೊಂಡ ಉತ್ತರದ ಕಥೆಯನ್ನು ನಾವು ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ.

ಚರಿತ್ರೆಯೆಂದೊಡನೆ ರಾಜರ ಪಟ್ಟಾಭಿಷೇಕ, ದಂಡಯಾತ್ರೆ, ಒಪ್ಪಂದಗಳು ನೆನಪಿಗೆ ಬರುವುದು ಸಹಜ. ಕಾಲೇಜಿನಲ್ಲಿ ನಾವು ಪಾಠ ಹೇಳುವುದೂ ಬಹುಮಟ್ಟಿಗೆ ಅವುಗಳನ್ನೇ. ಡೇರೆ ಹಾಕಿ ಮಲಗುವುದಕ್ಕೂ ಒಂದು ಚರಿತ್ರೆಯುಂಟೇ ಎಂದು ಕೆಲವರು ನಗಬಹುದು. ಆದರೆ ಒಂದು ಜನಾಂಗವು ತನ್ನ ಬಿಡುವನ್ನು ಹೇಗೆ ಕಳೆಯಿತು, ಎಲ್ಲರಿಗೂ ಸೇರಿದ ನೆಲವನ್ನು ಹೇಗೆ ಬಳಸಿತು ಎಂಬುದು ಅದರ ಶಾಸನಗಳಷ್ಟೇ ಅದರ ಸ್ವಭಾವವನ್ನು ತಿಳಿಸುವುದೆಂದು ನಮ್ಮ ನಂಬಿಕೆ.

ಮೊದಲು ಆ ಸ್ಥಳವನ್ನು ಕಣ್ಣಮುಂದೆ ತಂದುಕೊಳ್ಳೋಣ. ಎರಡು ಬೆಟ್ಟಗಳ ನಡುವೆ ಇಕ್ಕಟ್ಟಾದ ಒಂದು ಕಣಿವೆ. ಅದರ ತಳದಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ಹರಿಯುವ ಕಿರುತೊರೆ. ಹಿಮ ಕರಗಿ ಬಂದ ನೀರಾದುದರಿಂದ ಬೇಸಿಗೆಯಲ್ಲಿಯೂ ಕಾಲಿಟ್ಟರೆ ಮರಗಟ್ಟುವಷ್ಟು ತಣ್ಣಗಿರುವುದು. ದಡದಲ್ಲಿ ದೇವದಾರುವಿನ ಜಾತಿಯ ಎತ್ತರವಾದ ಮರಗಳು. ಅವುಗಳ ನಡುವೆ ಬಳಸಿಕೊಂಡು ಹೋಗುವ ಒಂದು ಕಿರಿದಾದ ದಾರಿ, ದಾರಿಯ ಬದಿಗೆ ಹತ್ತೋ ಹದಿನೈದೋ ಬಿಡಾರದ ತಾಣಗಳು. ಪ್ರತಿಯೊಂದು ತಾಣಕ್ಕೂ ಒಂದು ಸಂಖ್ಯೆ ಬರೆದ ಗೂಟ, ಒಂದು ಮೋಟಾರು ನಿಲ್ಲುವಷ್ಟು ಎಡೆ, ಡೇರೆ ಹೂಡಲು ಮಟ್ಟಸವಾದ ನೆಲ, ಕದಲಿಸಲಾಗದ ಒಂದು ಮರದ ಮೇಜು, ಕಲ್ಲಿನ ಅಥವಾ ಕಬ್ಬಿಣದ ಒಂದು ಒಲೆ. ತೊರೆಯಿಂದ ದೂರದಲ್ಲಿ ಪಾಯಿಖಾನೆ. ಅನೇಕ ಕಡೆಗಳಲ್ಲಿ ಕಾವಲುಗಾರನೂ ಇರುವುದಿಲ್ಲ. ಬಂದವರು ಬಾಡಿಗೆಯ ಹಣವನ್ನು ಲಕೋಟೆಯಲ್ಲಿಟ್ಟು ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ತಾವಾಗಿಯೇ ಹಾಕಿ ಹೋಗುವರು. ನೋಡುವವರಿಗೆ ಇದೆಲ್ಲ ಬಹಳ ಸರಳವಾಗಿ, ಬೆಟ್ಟವು ಹುಟ್ಟಿದಂದಿನಿಂದಲೂ ಹೀಗೆಯೇ ಇದ್ದಿತೋ ಎಂಬಂತೆ ತೋರುವುದು. ಹಾಗೆ ತೋರಬೇಕೆಂಬುದೇ ಅದನ್ನು ಯೋಜಿಸಿದವರ ಉದ್ದೇಶವಾಗಿದ್ದಿತು. ಗೂಟ, ಬಂಡೆ, ಒಲೆ, ಮೇಜುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾರಣವುಂಟು.

ತೊರೆಯ ದಡದಲ್ಲಿ ಬೀಡು ಬಿಡುವುದನ್ನು ಬಿಳಿಯರು ಹೊಸದಾಗಿ ಕಂಡುಹಿಡಿದರೆಂದು ಯಾರೂ ಭಾವಿಸಬಾರದು. ನಮ್ಮ ಕಥೆ ಮುಖ್ಯವಾಗಿ ನಡೆಯುವ ಕೊಲೊರಾಡೊ ಪ್ರಾಂತದ ಬೆಟ್ಟಗಳಲ್ಲಿ ಯೂಟ್ ಎಂಬ ಮೂಲನಿವಾಸಿಗಳು ತಲೆತಲಾಂತರದಿಂದ ವಾಸವಾಗಿದ್ದರು. ಬೇಸಿಗೆಯಲ್ಲಿ ಬೇಟೆಯ ಬೆನ್ನುಹತ್ತಿ ಎತ್ತರದ ಕಣಿವೆಗಳಿಗೆ ಏರುವುದು, ಚಳಿಗಾಲದಲ್ಲಿ ತಗ್ಗಿನ ಬೆಚ್ಚನೆಯ ನೆಲಕ್ಕೆ ಇಳಿಯುವುದು ಅವರ ಬಾಳಿನ ಕ್ರಮವಾಗಿದ್ದಿತು. ಅವರಿಗೆ ಬೀಡು ವಿನೋದವಲ್ಲ, ಅದೇ ಮನೆ. 1879ರಲ್ಲಿ ವೈಟ್ ನದಿಯ ಕಡೆ ಸರ್ಕಾರದ ಪ್ರತಿನಿಧಿಗೂ ಅವರಿಗೂ ಕಲಹವುಂಟಾಗಿ ರಕ್ತಪಾತವಾಯಿತು. ಅದೇ ನೆಪವಾಗಿ 1881ರಲ್ಲಿ ಆ ಪ್ರದೇಶದ ಯೂಟರನ್ನು ಪಶ್ಚಿಮದ ಯೂಟಾ ಸೀಮೆಗೆ ಸಾಗಹಾಕಿದರು. ಹತ್ತೇ ವರ್ಷಗಳ ತರುವಾಯ, 1891ರಲ್ಲಿ, ಅವರು ಬಿಟ್ಟುಹೋದ ಆ ಬೆಟ್ಟಗಾಡಿನ ಬಹುಭಾಗವು ಸರ್ಕಾರದ ಮೀಸಲು ಅರಣ್ಯವಾಯಿತು. ಎಲ್ಲ ಜನರಿಗೂ ಸೇರಿದ ಕಾಡು ಎಂಬ ಮಾತನ್ನು ಮುಂದೆ ನಾವು ಹಲವು ಸಲ ಆಡಬೇಕಾಗುವುದು. ಆ ಎಲ್ಲರಲ್ಲಿ ಅಲ್ಲಿ ಮೊದಲಿದ್ದವರು ಸೇರಲಿಲ್ಲವೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಮನೆಯಿದ್ದವರು ಮನೆಯನ್ನು ಬಿಟ್ಟು ಸುಖಕ್ಕಾಗಿ ಕಾಡಿನಲ್ಲಿ ಮಲಗುವ ಹವ್ಯಾಸವು ಅಮೆರಿಕಾದಲ್ಲಿ ಬೆಳೆದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬಾಸ್ಟನ್ ನಗರದ ವಿಲಿಯಂ ಮರೆ ಎಂಬ ಪಾದ್ರಿಯು 1869ರಲ್ಲಿ ನ್ಯೂಯಾರ್ಕ್ ಪ್ರಾಂತದ ಆಡಿರಾಂಡ್ಯಾಕ್ ಬೆಟ್ಟಗಳ ವನವಾಸವನ್ನು ಹೊಗಳಿ ಒಂದು ಪುಸ್ತಕವನ್ನು ಪ್ರಕಟಿಸಿದನು. ನಗರದ ಹೊಗೆಯಿಂದ ಬೇಸತ್ತವರಿಗೆ ಅದು ಮಂತ್ರೋಪದೇಶದಂತಾಯಿತು. ಆ ಬೇಸಿಗೆಯಲ್ಲಿಯೇ ಜನರು ಗುಂಪುಗುಂಪಾಗಿ ಬೆಟ್ಟಕ್ಕೆ ಹೊರಟರು. ಹೋದವರಿಗೆ ಅಲ್ಲಿ ಎದುರಾದುದು ಸುರಿಯುವ ಮಳೆ, ಕಚ್ಚುವ ಕರಿನೊಣ, ತುಂಬಿ ತುಳುಕುವ ಛತ್ರಗಳು. ಪತ್ರಿಕೆಗಳವರು ಇವರನ್ನು ಮರೆಯ ಮೂರ್ಖರೆಂದು ಹಾಸ್ಯಮಾಡಿದರು. ಹಾಸ್ಯದಿಂದ ಹುಚ್ಚು ಕಡಮೆಯಾಗಲಿಲ್ಲ. ಆದರೂ ಅಂದಿನ ವನವಾಸವು ಉಳ್ಳವರ ಸೊತ್ತು. ರೈಲಿನ ದರ, ದೋಣಿಯ ಬಾಡಿಗೆ, ದಾರಿ ತೋರುವವನ ದಿನಗೂಲಿ, ಕೆಲಸವಿಲ್ಲದೆ ಕಳೆಯಬಹುದಾದ ಹಲವು ವಾರಗಳು, ಇಷ್ಟೂ ಇದ್ದವರಿಗೆ ಮಾತ್ರ ಬೆಟ್ಟದ ಗಾಳಿ ದೊರೆಯುತ್ತಿದ್ದಿತು. 1903ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟನು ಜಾನ್ ಮ್ಯೂರ್ ಎಂಬ ಪ್ರಕೃತಿಪ್ರೇಮಿಯೊಡನೆ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಮೂರು ರಾತ್ರಿಗಳನ್ನು ಬಯಲಿನಲ್ಲಿ ಕಳೆದನು. ಒಂದು ರಾತ್ರಿ ಅವರ ಹೊದಿಕೆಯ ಮೇಲೆ ಹಿಮವೂ ಬಿದ್ದಿತು. ರಾಷ್ಟ್ರದ ಒಡೆಯನೇ ನೆಲದ ಮೇಲೆ ಮಲಗಿದನೆಂಬ ಸುದ್ದಿಯು ಹವ್ಯಾಸಕ್ಕೆ ಗೌರವವನ್ನು ತಂದಿತು. ಆದರೆ ಕಾರ್ಖಾನೆಯ ಕೂಲಿಗಾರನಿಗೆ ಬೆಟ್ಟವು ಇನ್ನೂ ದೂರವಾಗಿಯೇ ಇದ್ದಿತು.

ಆ ದೂರವನ್ನು ಕಡಮೆ ಮಾಡಿದುದು ಮೋಟಾರು ಬಂಡಿ. 1900ರಲ್ಲಿ ಆ ದೇಶದಲ್ಲೆಲ್ಲ ಇದ್ದ ಮೋಟಾರುಗಳು ಸುಮಾರು 8,000. 1908ರಲ್ಲಿ ಹೆನ್ರಿ ಫೋರ್ಡನು ತನ್ನ ಪ್ರಸಿದ್ಧವಾದ ಟಿ ಮಾದರಿಯ ಬಂಡಿಯನ್ನು ಹೊರತಂದಾಗ ಅದರ ಬೆಲೆ 850 ಡಾಲರು. 1920ರ ದಶಕದ ನಡುವೆ ಅದು 300 ಡಾಲರಿಗೂ ಕೆಳಕ್ಕೆ ಇಳಿಯಿತು. 1920ರ ಹೊತ್ತಿಗೆ ದೇಶದ ರಸ್ತೆಗಳ ಮೇಲೆ 80 ಲಕ್ಷ ಮೋಟಾರುಗಳು ಓಡಾಡುತ್ತಿದ್ದುವು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿದ ಗುಮಾಸ್ತನು ಹೆಂಡತಿ ಮಕ್ಕಳನ್ನೂ ಒಂದು ಡೇರೆಯನ್ನೂ ಬಂಡಿಯಲ್ಲಿ ತುಂಬಿಕೊಂಡು ಸಂಜೆಯೊಳಗೆ ಬೆಟ್ಟದ ಬುಡವನ್ನು ಮುಟ್ಟಬಹುದಾಯಿತು. ದಾರಿ ತೋರುವವನೂ ಬೇಡ, ಛತ್ರವೂ ಬೇಡ. ನೀರಿರುವ ಎಡೆ ಕಂಡರೆ ಸಾಕು, ಅದೇ ಬಿಡಾರ.

ನೀರಿರುವ ಎಡೆ ಎಂದೆವು. ಕಷ್ಟವು ಹುಟ್ಟಿದುದು ಅಲ್ಲಿಯೇ. ಕುಡಿಯಲು, ಅಡಿಗೆಗೆ, ತೊಳೆಯಲು ಎಲ್ಲಕ್ಕೂ ನೀರು ಬೇಕಾದುದರಿಂದ ಬಂದವರೆಲ್ಲ ತೊರೆಯ ಅಂಚಿನಲ್ಲಿಯೇ ಡೇರೆ ಹೂಡಿದರು. ಬಂಡಿಯನ್ನು ಹುಲ್ಲಿನ ಮೇಲೆ ಓಡಿಸಿಕೊಂಡು ನೀರಿನ ಬಳಿಗೇ ತಂದರು. ಅಡಿಗೆಯ ಕಸ, ತಗಡಿನ ಡಬ್ಬಿ, ಮಲಮೂತ್ರಗಳೆಲ್ಲ ದಡದಲ್ಲಿಯೇ ಉಳಿದುವು. ಬೆಟ್ಟದ ತೊರೆಯೆಂದರೆ ಕೆಳಗಿನ ಊರಿನವರು ಕುಡಿಯುವ ನೀರು. ಮೇಲೆ ಒಬ್ಬನ ಅಜಾಗರೂಕತೆ, ಕೆಳಗೆ ನೂರು ಮನೆಗಳಿಗೆ ಜ್ವರ. ಇದಕ್ಕಿಂತ ದೊಡ್ಡ ಭಯವು ಬೆಂಕಿಯದು. 1910ರ ಆಗಸ್ಟಿನಲ್ಲಿ ಐಡಾಹೊ, ಮೊಂಟಾನಾ ಪ್ರಾಂತಗಳಲ್ಲಿ ಎರಡೇ ದಿನಗಳೊಳಗೆ ಸುಮಾರು 30 ಲಕ್ಷ ಎಕರೆ ಕಾಡು ಉರಿದುಹೋಗಿ 80ಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಆ ಉರಿಯನ್ನು ಕಂಡ ಅರಣ್ಯಾಧಿಕಾರಿಗಳಿಗೆ ಪ್ರತಿಯೊಬ್ಬ ಪ್ರವಾಸಿಯ ಒಲೆಯೂ ಒಂದು ಕಾಡ್ಗಿಚ್ಚಿನ ಬೀಜದಂತೆ ಕಾಣುತ್ತಿದ್ದಿತು.

1905ರಲ್ಲಿ ಏರ್ಪಟ್ಟ ಅಲ್ಲಿನ ಅರಣ್ಯ ಇಲಾಖೆಯ ಕೆಲಸವೆಂದರೆ ಮರ, ಹುಲ್ಲುಗಾವಲು, ನೀರು ಇವುಗಳನ್ನು ನೋಡಿಕೊಳ್ಳುವುದು. ಪ್ರವಾಸಿಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಬರಬೇಡಿರೆಂದು ತಡೆಯುವುದಕ್ಕೆ ಕಾಡು ಅವರದೇ. ಬನ್ನಿರೆಂದು ಕರೆಯುವುದಕ್ಕೆ ಅನುಕೂಲಗಳಿಲ್ಲ. ಹೀಗಿರಲು ಆರೆಗನ್ ಪ್ರಾಂತದಲ್ಲಿ ಕೊಲಂಬಿಯಾ ನದಿಯ ಉದ್ದಕ್ಕೂ ಹೊಸ ಹೆದ್ದಾರಿಯಾಯಿತು. ಆ ಹೆದ್ದಾರಿಯ ಬದಿಯಲ್ಲಿ, ಈಗಲ್ ಕ್ರೀಕ್, ಅಂದರೆ ಹದ್ದಿನ ತೊರೆ, ನದಿಯನ್ನು ಸೇರುವ ಎಡೆಯಲ್ಲಿ, 1916ರಲ್ಲಿ ಮೇಜುಗಳೂ ಪಾಯಿಖಾನೆಗಳೂ ಉಳ್ಳ ಒಂದು ಬಿಡಾರದ ತಾಣವನ್ನು ಇಲಾಖೆಯವರು ಸಿದ್ಧಮಾಡಿದರು. ಮೋಟಾರಿನ ಜನರಿಗಾಗಿ ಅರಣ್ಯ ಇಲಾಖೆಯು ಅನುಕೂಲಗಳನ್ನು ಕಟ್ಟಿ ಕೊಟ್ಟ ಮೊದಲನೆಯ ಬಿಡಾರವೆಂದು ಅದನ್ನು ಹೇಳುವರು. ಈ ತೊರೆಯ ಹೆಸರನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕಥೆಯ ಕೊನೆಯಲ್ಲಿ ಅದು ಮತ್ತೆ ಬರುವುದು.

ಅಲ್ಲೊಂದು ಮೇಜು, ಇಲ್ಲೊಂದು ಒಲೆ ಹಾಕುವುದನ್ನು ಬಿಟ್ಟು, ಇಡಿಯ ಕಣಿವೆಯನ್ನು ನೋಡಿ ಯೋಜನೆ ಮಾಡಿದವನು ಆರ್ಥರ್ ಕಾರ್‌ಹಾರ್ಟ್. ಇವನು 1892ರಲ್ಲಿ ಅಯೋವಾ ಪ್ರಾಂತದಲ್ಲಿ ಹುಟ್ಟಿದವನು. ಉದ್ಯಾನಗಳನ್ನೂ ಭೂದೃಶ್ಯಗಳನ್ನೂ ರೂಪಿಸುವ ವಿದ್ಯೆಯಲ್ಲಿ 1916ರಲ್ಲಿ ಪದವಿ ಪಡೆದನು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಆರೋಗ್ಯ ವಿಭಾಗದಲ್ಲಿ ಕ್ರಿಮಿಶಾಸ್ತ್ರದ ಕೆಲಸ ಮಾಡಿದನು. ನೀರು ಹೇಗೆ ಕೆಡುವುದು, ಗುಂಪು ಸೇರಿದೆಡೆ ರೋಗ ಹೇಗೆ ಹಬ್ಬುವುದು ಎಂಬುದನ್ನು ಅಲ್ಲಿ ಕಲಿತನು. ಸೌಂದರ್ಯದ ಕಣ್ಣೂ ಶುಚಿಯ ಕಾಳಜಿಯೂ ಒಬ್ಬನಲ್ಲಿಯೇ ಕೂಡಿಬಂದುದು ಒಳ್ಳೆಯದಾಯಿತು. 1919ರಲ್ಲಿ ಅರಣ್ಯ ಇಲಾಖೆಯು ಇವನನ್ನು ಡೆನ್ವರ್ ನಗರದ ಕಚೇರಿಗೆ ನೇಮಿಸಿಕೊಂಡಿತು. ಮರದ ಅಳತೆಯಲ್ಲಿಯೇ ಬೆಳೆದ ಹಳೆಯ ಅಧಿಕಾರಿಗಳಿಗೆ ಇವನ ಕೆಲಸವೇ ಅರ್ಥವಾಗಲಿಲ್ಲ. ಸೌಂದರ್ಯದ ಇಂಜಿನಿಯರು ಬಂದನೆಂದು ಬೆನ್ನ ಹಿಂದೆ ನಗುತ್ತಿದ್ದರು.

ಕೊಲೊರಾಡೊ ಪ್ರಾಂತದ ದಕ್ಷಿಣಕ್ಕೆ ಪ್ಯೂಬ್ಲೊ ಎಂಬುದು ಉಕ್ಕಿನ ಕಾರ್ಖಾನೆಗಳ ಪಟ್ಟಣ. ಹಗಲಿರುಳೂ ಕುಲುಮೆಯ ಶಾಖ, ಹೊಗೆ. ಅಲ್ಲಿಂದ ನೈಋತ್ಯಕ್ಕೆ ಸುಮಾರು 30 ಮೈಲಿ ದೂರದಲ್ಲಿ ವೆಟ್ ಮೌಂಟನ್ಸ್, ಅಂದರೆ ತೇವದ ಬೆಟ್ಟಗಳು ಎಂಬ ಸಾಲು. ಅದರ ಮಡಿಲಲ್ಲಿ ಸ್ಯಾನ್ ಇಸಬೆಲ್ ಎಂಬ ರಾಷ್ಟ್ರೀಯ ಅರಣ್ಯ. ಆ ಅರಣ್ಯದೊಳಗೆ ಬ್ಯೂಲಾ ಎಂಬ ಹಳ್ಳಿಯ ಮೇಲುಗಡೆಯ ಕಣಿವೆಯಲ್ಲಿ ಹರಿಯುವುದು ಸ್ಕ್ವಿರೆಲ್ ಕ್ರೀಕ್, ನಮ್ಮ ಮಾತಿನಲ್ಲಿ ಅಳಿಲಿನ ತೊರೆ. ಕಾರ್‌ಹಾರ್ಟನು ಇಲ್ಲಿಗೆ ಬಂದು ನಡೆದಾಡಿದನು. ಎಲ್ಲಿ ರಸ್ತೆ ನಿಲ್ಲಬೇಕು, ಎಲ್ಲಿಂದ ಕಾಲುದಾರಿ ಹೊರಡಬೇಕು, ಎಲ್ಲಿ ಒಲೆ, ಎಲ್ಲಿ ಬಾವಿ, ನೀರಿಗೆ ಕಶ್ಮಲ ಸೋರದಂತೆ ಪಾಯಿಖಾನೆಯನ್ನು ಎಷ್ಟು ದೂರದಲ್ಲಿ ಇಡಬೇಕು ಎಂಬುದನ್ನೆಲ್ಲ ಗುರುತುಮಾಡಿದನು. ಕಾರ್ಖಾನೆಯ ಊರಿನ ಸಾಮಾನ್ಯ ಸಂಸಾರಗಳು ಒಂದು ದಿನದ ಬಿಡುವಿನಲ್ಲಿಯೂ ಹೋಗಿಬರಬಹುದಾದ ಸ್ಥಳವಾಗಬೇಕೆಂಬುದು ಅವನ ಆಶಯ.

ಯೋಜನೆಯೇನೋ ಆಯಿತು; ಹಣವೆಲ್ಲಿ? ವಿಹಾರಕ್ಕೆಂದು ಒಂದು ಕಾಸನ್ನೂ ಸರ್ಕಾರವು ಅರಣ್ಯ ಇಲಾಖೆಗೆ ಕೊಟ್ಟಿರಲಿಲ್ಲ. ಆಗ ಪ್ಯೂಬ್ಲೊ ಪಟ್ಟಣದ ನಾಗರಿಕರು ಮುಂದೆ ಬಂದು 1919ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡರು. ತಮ್ಮತಮ್ಮಲ್ಲಿ ಚಂದಾ ಎತ್ತಿ ಒಲೆಗಳನ್ನೂ ಮೇಜುಗಳನ್ನೂ ತಂಗುಮನೆಗಳನ್ನೂ ಕಟ್ಟಿಸಿದರು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ನೆಲ ಸರ್ಕಾರದ್ದು, ಬುದ್ಧಿ ಒಬ್ಬ ತರುಣನದು, ಹಣ ಊರಿನವರದು. ವೃತ್ತಿಯ ಯೋಜಕನೊಬ್ಬನು ಮೊದಲಿನಿಂದ ಕೊನೆಯವರೆಗೆ ಚಿಂತಿಸಿ ರೂಪಿಸಿದ ಬಿಡಾರಗಳಲ್ಲಿ ಅಳಿಲಿನ ತೊರೆಯದು ಮೊಟ್ಟಮೊದಲಿನದೆಂದು ಎಣಿಕೆ. ದಿಲ್ಲಿಯಾಗಲಿ ವಾಷಿಂಗ್ಟನ್ ಆಗಲಿ, ರಾಜಧಾನಿಗಳ ಕಣ್ಣು ತೆರೆಯಲು ಕಾಲ ಹಿಡಿಯುವುದು. ಬಿಡಾರಗಳಿಗೆಂದು ಇಡಿಯ ದೇಶಕ್ಕೆ 10,000 ಡಾಲರುಗಳ ಮೊದಲ ಅನುದಾನ ದೊರೆತುದು 1922ರ ಸುಮಾರಿಗೆ. ಅಷ್ಟರಲ್ಲಿ ಬೇಸತ್ತ ಕಾರ್‌ಹಾರ್ಟನು ಆ ವರ್ಷದ ಕೊನೆಗೆ ಕೆಲಸವನ್ನೇ ಬಿಟ್ಟನು.

ಆದರೆ ಅವನು ಕೆಲಸಕ್ಕೆ ಸೇರಿದ ಆ 1919ರ ಬೇಸಿಗೆಯಲ್ಲಿಯೇ ಇನ್ನೊಂದು ಸಂಗತಿ ನಡೆದಿದ್ದಿತು. ಅದನ್ನು ಹೇಳದಿದ್ದರೆ ನಮ್ಮ ಕಥೆ ಅರ್ಧವಾಗುವುದು. ಕೊಲೊರಾಡೊವಿನ ವಾಯವ್ಯದಲ್ಲಿ, ಹಿಂದೆ ಯೂಟರನ್ನು ಹೊರಡಿಸಿದ ವೈಟ್ ನದಿಯ ಸೀಮೆಯಲ್ಲಿ, ಟ್ರಾಪರ್ಸ್ ಲೇಕ್ ಎಂಬ ಸರೋವರವಿದೆ. ಅದರ ಸುತ್ತಲೂ ಕೋಟೆಯ ಗೋಡೆಯಂತೆ ನಿಂತ ಬಂಡೆಯ ಪ್ರಪಾತಗಳು. ಸರೋವರದ ದಡದಲ್ಲಿ ಬೇಸಿಗೆಮನೆಗಳಿಗಾಗಿ ನಿವೇಶನಗಳನ್ನು ಅಳೆದು, ಸುತ್ತಲೂ ರಸ್ತೆಗೆ ಗುರುತು ಹಾಕಿ ಬರಬೇಕೆಂದು ಕಾರ್‌ಹಾರ್ಟನಿಗೆ ಅಪ್ಪಣೆಯಾಯಿತು. ಸರ್ಕಾರಿ ಅರಣ್ಯದಲ್ಲಿ ಇಂಥ ನಿವೇಶನಗಳನ್ನು ಗುತ್ತಿಗೆಗೆ ಕೊಡಬಹುದೆಂದು 1915ರಲ್ಲಿ ಕಾನೂನೂ ಆಗಿದ್ದಿತು. ಅವನು ಹೋದನು, ಅಳೆದನು. ಅಲ್ಲಿ ಬಿಡಾರ ಮಾಡಿದ್ದ ಇಬ್ಬರು ಬೇಟೆಗಾರರು, ಈ ಎಡೆಯಲ್ಲಿ ಮನೆ ಕಟ್ಟುವುದು ತರವೇ ಎಂದು ಅವನೊಡನೆ ರಾತ್ರಿ ಹೊತ್ತು ವಾದಿಸಿದರು. ಡೆನ್ವರಿಗೆ ಹಿಂದಿರುಗಿದ ಕಾರ್‌ಹಾರ್ಟನು ತನ್ನ ಮೇಲಧಿಕಾರಿಯಾದ ಕಾರ್ಲ್ ಸ್ಟಾಲ್ ಎಂಬವನ ಮುಂದೆ ನಕ್ಷೆಯನ್ನಿಟ್ಟು, ಇದರಂತೆ ಮಾಡಬಾರದೆಂದು ತಾನೇ ಸಲಹೆ ಮಾಡಿದನು. ದಡದಲ್ಲಿ ಮನೆಗಳೆದ್ದರೆ ಸರೋವರವು ಆ ಮನೆಯವರದಾಗುವುದು, ಮನೆಗಳಿಲ್ಲದಿದ್ದರೆ ಬಂದವರೆಲ್ಲರದು. ಆಜ್ಞೆಯನ್ನು ಪಾಲಿಸಿ ನಕ್ಷೆ ಬರೆದ ಅಧಿಕಾರಿಯೇ ಆ ನಕ್ಷೆಯ ವಿರುದ್ಧ ನಿಂತುದೂ, ಹೊಸಬನಾದ ಅವನ ಮಾತನ್ನು ಮೇಲಧಿಕಾರಿಯು ಒಪ್ಪಿಕೊಂಡುದೂ ಸರ್ಕಾರದ ಕಚೇರಿಗಳಲ್ಲಿ ದಿನವೂ ನಡೆಯುವ ಸಂಗತಿಗಳಲ್ಲವೆಂದು ಶ್ರೋತೃಗಳು ಬಲ್ಲರು.

ಆ ವರ್ಷದ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೊ ಕಡೆಯ ಅರಣ್ಯಾಧಿಕಾರಿ ಆಲ್ಡೊ ಲಿಯೋಪೋಲ್ಡನು ಡೆನ್ವರಿಗೆ ಬಂದು ಕಾರ್‌ಹಾರ್ಟನನ್ನು ಕಂಡು ದಿನವೆಲ್ಲ ಮಾತನಾಡಿದನು. ಲಿಯೋಪೋಲ್ಡನ ಪ್ರಯತ್ನದಿಂದ 1924ರಲ್ಲಿ ಗಿಲಾ ಎಂಬ ಅರಣ್ಯದಲ್ಲಿ 7 ಲಕ್ಷ ಎಕರೆಗೂ ಮೇಲ್ಪಟ್ಟ ನೆಲವನ್ನು ರಸ್ತೆಯಿಲ್ಲದೆ ಕಾಪಾಡುವ ನಿರ್ಧಾರವಾಯಿತು. 1964ರಲ್ಲಿ ಇದೇ ತತ್ತ್ವವು ದೇಶದ ಶಾಸನವಾಗಿ, ಮೊದಲ ದಿನವೇ 91 ಲಕ್ಷ ಎಕರೆ ಕಾಡು ಅದರ ರಕ್ಷಣೆಗೆ ಒಳಪಟ್ಟಿತು. ಟ್ರಾಪರ್ಸ್ ಸರೋವರವನ್ನು ಸುತ್ತುವರಿದ ಬೆಟ್ಟಗಳಿಗೆ ಆ ರಕ್ಷಣೆ 1975ರಲ್ಲಿ ಬಂದಿತು. ಅಳಿಲಿನ ತೊರೆಯಲ್ಲಿ ಒಲೆ ಕಟ್ಟಿಸಿದವನೂ ಸರೋವರದ ದಡದಲ್ಲಿ ಒಂದು ಕಲ್ಲನ್ನೂ ಇಡಬೇಡಿರೆಂದವನೂ ಒಬ್ಬನೇ. ಇದರಲ್ಲಿ ವಿರೋಧವೇನೂ ನಮಗೆ ಕಾಣುವುದಿಲ್ಲ. ಜನರು ಬಂದು ತಂಗಲು ತಕ್ಕ ಎಡೆಯನ್ನು ಚೆನ್ನಾಗಿ ಸಿದ್ಧಪಡಿಸಿಕೊಟ್ಟರೆ ಮಾತ್ರ, ತಂಗಬಾರದ ಎಡೆಯನ್ನು ಬಿಟ್ಟುಬಿಡಿರೆಂದು ಅವರನ್ನು ಕೇಳುವ ಮುಖವಿರುವುದು.

ಇಷ್ಟಾದರೂ ಬಿಡಾರಗಳ ಮುಖ್ಯವಾದ ರೋಗವು ಇನ್ನೂ ಗೊತ್ತಾಗಿರಲಿಲ್ಲ. ಅದನ್ನು ಗುರುತಿಸಿದವನು ನಿಜವಾಗಿಯೂ ರೋಗಶಾಸ್ತ್ರಜ್ಞನೇ. ಆದರೆ ಮರಗಳ ರೋಗಶಾಸ್ತ್ರಜ್ಞ. ಎಮಿಲಿಯೊ ಮೈನೆಕೆ ಎಂಬ ಈ ಸಸ್ಯರೋಗ ಪಂಡಿತನು 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮಹಾವೃಕ್ಷಗಳ ವನಗಳನ್ನು ಪರೀಕ್ಷಿಸಿದನು. ಸಾವಿರಾರು ವರ್ಷ ಬೆಂಕಿ, ಗಾಳಿ, ಹಿಮಗಳನ್ನು ಎದುರಿಸಿ ನಿಂತ ಮರಗಳು ಪ್ರವಾಸಿಗಳು ಹೆಚ್ಚಾಗಿ ಬರುವ ಎಡೆಯಲ್ಲಿ ಏಕೆ ಸೊರಗುವುವು? ಅವನು ಕಂಡುಕೊಂಡ ಕಾರಣವು ಬಹಳ ಸರಳವಾದುದು, ಕಾಲು ಮತ್ತು ಚಕ್ರ. ಕಾಡಿನ ನೆಲವು ಉದುರಿದ ಎಲೆ ಕೊಳೆತು ಆದ ಮೆತ್ತನೆಯ ಮಣ್ಣು. ಅದರ ಸಂದುಗಳಲ್ಲಿ ಗಾಳಿಯೂ ನೀರೂ ಆಡುವುವು. ಬೇರುಗಳು ಉಸಿರಾಡುವುದು ಅಲ್ಲಿಯೇ. ಜನರು ತುಳಿದು, ಬಂಡಿಗಳು ಅರೆದು, ಆ ಮಣ್ಣು ಕಣದ ನೆಲದಂತೆ ಗಟ್ಟಿಯಾದರೆ ಮಳೆನೀರು ಒಳಗಿಳಿಯದು, ಗಾಳಿ ಸೇರದು. ಮೊದಲು ಹುಲ್ಲು ಸಾಯುವುದು, ಆಮೇಲೆ ಪೊದೆಗಳು, ಎಳೆಯ ಸಸಿಗಳು. ದೊಡ್ಡ ಮರಗಳು ಇನ್ನೂ ಹಲವು ವರ್ಷ ನಿಂತಿರುವುದರಿಂದ ಕೆಡುಕು ಕಣ್ಣಿಗೆ ಬೀಳುವುದಿಲ್ಲ. ಅವು ಸತ್ತಾಗ ಅವುಗಳ ಎಡೆಗೆ ಬರತಕ್ಕ ಸಸಿಯೊಂದೂ ಇರುವುದಿಲ್ಲ. ಆಗ ಜನರು, ಈ ಎಡೆಯಲ್ಲಿ ಈಗ ಏನೂ ಸೊಗಸಿಲ್ಲವೆಂದು ಹೇಳಿ ಇನ್ನೊಂದು ತೊರೆಯ ದಡವನ್ನು ಹುಡುಕಿಕೊಂಡು ಹೋಗುವರು.

ಇಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಮರ ಕಡಿದವನಿಲ್ಲ, ಬೆಂಕಿಯಿಟ್ಟವನಿಲ್ಲ. ಪ್ರತಿಯೊಬ್ಬನೂ ಬಂದುದು ಕಾಡಿನ ಮೇಲಿನ ಪ್ರೀತಿಯಿಂದಲೇ. ಆ ಪ್ರೀತಿಯ ಹೆಜ್ಜೆಗಳೇ ಕೂಡಿ ಕೂಡಿ ಕಾಡನ್ನು ಕೊಂದುವು. ದಂಡನೆಯಿಂದ ಇದನ್ನು ತಡೆಯುವಂತಿಲ್ಲ. ಏಕೆಂದರೆ ಅಪರಾಧವೇ ಇಲ್ಲ. ಮೈನೆಕೆಯು 1932ರಲ್ಲಿ ಮುಂದಿಟ್ಟ ಉಪಾಯವು ಇಂತಿದ್ದಿತು: ಬಂಡಿಗಳಿಗೆ ಒಂದೇ ದಿಕ್ಕಿನಲ್ಲಿ ಸುತ್ತಿಬರುವ ಕಿರಿದಾದ ದಾರಿಯಿರಲಿ, ಪ್ರತಿ ಬಿಡಾರಕ್ಕೂ ದಾರಿಯ ಬದಿಯಲ್ಲಿ ಒಂದು ಬಂಡಿ ನಿಲ್ಲುವ ಎಡೆಯಿರಲಿ, ಅದರಿಂದಾಚೆಗೆ ಬಂಡಿ ಹೋಗದಂತೆ ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಇಡಲಿ, ಒಲೆಯನ್ನೂ ಮೇಜನ್ನೂ ಕದಲದಂತೆ ನೆಡಲಿ. ಒಲೆ ಕದಲದಿದ್ದರೆ ಅಡಿಗೆಯವರ ಕಾಲು ಅಲ್ಲಿಯೇ ಓಡಾಡುವುದು. ಮೇಜು ಕದಲದಿದ್ದರೆ ಮಕ್ಕಳ ಆಟವೂ ಅದರ ಸುತ್ತಲೇ. ತುಳಿಯುವ ನೆಲವು ತುಳಿತಕ್ಕೆ ಮೀಸಲಾಗುವುದು. ಉಳಿದ ನೆಲದಲ್ಲಿ ಪೊದೆಗಳು ಬೆಳೆದು ಬಿಡಾರಕ್ಕೂ ಬಿಡಾರಕ್ಕೂ ನಡುವೆ ತೆರೆಯಾಗುವುವು. ಯಾರಿಗೂ ಬೇಡವೆಂದು ಹೇಳಲಿಲ್ಲ, ಯಾರ ಸಂತೋಷಕ್ಕೂ ಕುಂದಿಲ್ಲ. ಆರಂಭದಲ್ಲಿ ನಾವು ವರ್ಣಿಸಿದ ಗೂಟಕ್ಕೂ ಬಂಡೆಗೂ ಮೇಜಿಗೂ ಇದೇ ಕಾರಣ.

ಉಪಾಯವು ಕಾಗದದಲ್ಲಿಯೇ ಉಳಿಯದಂತೆ ಮಾಡಿದುದು ಆ ಕಾಲದ ದುರ್ದೆಸೆ. 1929ರ ಆರ್ಥಿಕ ಕುಸಿತದಿಂದ ಲಕ್ಷಾಂತರ ತರುಣರು ಕೆಲಸವಿಲ್ಲದೆ ಅಲೆಯುತ್ತಿದ್ದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟನು 1933ರಲ್ಲಿ ಅವರನ್ನು ಸೇರಿಸಿ ಒಂದು ಸಂರಕ್ಷಣಾ ದಳವನ್ನು ಕಟ್ಟಿದನು. ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ 25 ಡಾಲರು ನೇರವಾಗಿ ತಂದೆತಾಯಿಗಳಿಗೆ. 1942ರವರೆಗೆ ಸುಮಾರು 30 ಲಕ್ಷ ತರುಣರು ಈ ದಳದಲ್ಲಿ ದುಡಿದರು. ಅವರು ನೆಟ್ಟ ಗಿಡಗಳ, ಕಟ್ಟಿದ ಸೇತುವೆಗಳ ಜೊತೆಗೆ ಬೆಟ್ಟಬೆಟ್ಟಗಳ ತೊರೆಗಳ ಬದಿಯಲ್ಲಿ ಮೈನೆಕೆಯ ಕ್ರಮದ ಬಿಡಾರಗಳೂ ಎದ್ದುವು. ಹಸಿದ ಊರಿನ ಹುಡುಗರು ಹೊತ್ತುತಂದ ಕಲ್ಲಿನ ಒಲೆಗಳಲ್ಲಿ ಇಂದಿಗೂ ಪ್ರವಾಸಿಗಳು ಅಡಿಗೆ ಮಾಡುವ ಎಡೆಗಳು ಉಂಟು.

ಎಲ್ಲರಿಗೂ ಎಂಬ ಮಾತಿನ ಲೆಕ್ಕವನ್ನು ಇಲ್ಲಿ ಇನ್ನೊಮ್ಮೆ ನೋಡಬೇಕು. ವರ್ಜೀನಿಯಾದ ಶೆನಂಡೋವ ರಾಷ್ಟ್ರೀಯ ವನದಲ್ಲಿ 1939ರಲ್ಲಿ ಲ್ಯೂಯಿಸ್ ಮೌಂಟನ್ ಎಂಬ ಬಿಡಾರವನ್ನು ತೆರೆದಾಗ, ಅದು ನೀಗ್ರೋ ಜನರಿಗೆ ಮಾತ್ರ ಎಂದು ಹಲಗೆ ಹಾಕಿದರು. ಬೆಟ್ಟ ಒಂದೇ, ಗಾಳಿ ಒಂದೇ. ಒಲೆ ಮಾತ್ರ ಬೇರೆ. ಆ ಬೇಲಿಯು ಸಂಪೂರ್ಣವಾಗಿ ಬಿದ್ದುದು 1950ರಲ್ಲಿ. ನೆಲವನ್ನು ಕಾಪಾಡಲು ಹಾಕುವ ಬೇಲಿಗೂ ಮನುಷ್ಯರನ್ನು ಹೊರಗಿಡಲು ಹಾಕುವ ಬೇಲಿಗೂ ಇರುವ ವ್ಯತ್ಯಾಸವನ್ನು, ಊರ ಬಾವಿ ಕೆರೆಗಳ ಚರಿತ್ರೆಯನ್ನು ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಎರಡು ತೊರೆಗಳು ಏನಾದುವು? 1947ರಲ್ಲಿ ಅಳಿಲಿನ ತೊರೆಯಲ್ಲಿ ಮಹಾಪೂರ ಬಂದು ಕಣಿವೆಯ ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು. ಪ್ಯೂಬ್ಲೊ ಜನರು ಚಂದಾ ಎತ್ತಿ ಕಟ್ಟಿಸಿದ ಬಿಡಾರವು ಪಾಳುಬಿದ್ದಿತು. ಇಂದು ಅಲ್ಲಿ ನಡೆದುಹೋಗುವವರಿಗೆ ಪೊದೆಗಳ ನಡುವೆ ಹಾವಸೆ ಹಿಡಿದ ಕಲ್ಲಿನ ಒಲೆಗಳು ಕಾಣಸಿಗುವುವು. ನೀರಿನ ಬಳಿ ಬಿಡಾರ ಹೂಡಿದವನಿಗೆ ನೀರಿನ ಸ್ವಭಾವವೂ ತಿಳಿದಿರಬೇಕೆಂದು ಆ ತೊರೆಯು ತನ್ನ ಯೋಜಕನಿಗೇ ಪಾಠ ಹೇಳಿತು. ಕಾರ್‌ಹಾರ್ಟನು ಅದಾದ ಮೇಲೆಯೂ ಬಹುಕಾಲ ಬದುಕಿ 1978ರಲ್ಲಿ ತೀರಿಕೊಂಡನು.

ಹದ್ದಿನ ತೊರೆಯ ಕಥೆ ಬೇರೆ. 2017ರ ಸೆಪ್ಟೆಂಬರ್ 2ರಂದು, ಬೆಂಕಿ ಹಚ್ಚಬಾರದೆಂಬ ಆಜ್ಞೆಯಿದ್ದ ಒಣದಿನಗಳಲ್ಲಿ, 15 ವರ್ಷದ ಹುಡುಗನೊಬ್ಬನು ಆಟಕ್ಕೆಂದು ಒಂದು ಪಟಾಕಿಯನ್ನು ಕಣಿವೆಯೊಳಕ್ಕೆ ಎಸೆದನು. ಸುಮಾರು 150 ಮಂದಿ ನಡಿಗೆಯವರು ಆ ರಾತ್ರಿ ಹೊಗೆಯ ನಡುವೆ ಬೆಟ್ಟದಲ್ಲಿಯೇ ಸಿಕ್ಕಿಕೊಂಡರು. 48 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ಶತಮಾನದಷ್ಟು ಕಾಲ ಎಚ್ಚರದಿಂದ ನೋಡಿಕೊಂಡು ಬಂದ ಕಣಿವೆಗೆ ಒಂದು ಕ್ಷಣದ ಚೇಷ್ಟೆ ಸಾಕಾಯಿತು. ನ್ಯಾಯಾಲಯವು ಆ ಹುಡುಗನಿಗೆ 3 ಕೋಟಿ 60 ಲಕ್ಷ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಜೊತೆಗೆ ಅರಣ್ಯ ಇಲಾಖೆಯಲ್ಲಿ 1,920 ಗಂಟೆಗಳ ಕೆಲಸವನ್ನೂ ವಿಧಿಸಿತು. ಆ ಹಣವನ್ನು ಅವನು ಬಾಳಿನುದ್ದಕ್ಕೂ ತೀರಿಸಲಾರನೆಂದು ನ್ಯಾಯಾಧೀಶನೂ ಬಲ್ಲವನೇ. ಆ ಕೆಲಸವೇ, ಅಂದರೆ ಸುಟ್ಟ ನೆಲದ ಇಲಾಖೆಯವರೊಡನೆ ನಿಂತು ದುಡಿಯುವುದೇ, ಹೆಚ್ಚು ಅರ್ಥವುಳ್ಳ ದಂಡನೆಯೆಂದು ನಮಗೆ ತೋರುವುದು.

ನಮ್ಮ ಕಥೆಯಿಂದ ತಿಳಿಯುವುದು ಇಷ್ಟು. ಬೆಟ್ಟದ ತೊರೆಯ ದಡವು ಉಳ್ಳವರಿಗೆ ಮಾತ್ರವೇ ತೆರೆದಿರಬೇಕೆಂದು ಇಂದು ಯಾರೂ ಹೇಳಲಾರರು, ಹೇಳಲೂ ಬಾರದು. ಹಾಗೆಂದು ಬಾಗಿಲನ್ನು ತೆರೆದುಬಿಟ್ಟರೆ ಮುಗಿಯಿತೆಂದೂ ಅಲ್ಲ. ತೆರೆದ ಬಾಗಿಲಿಗೂ ಒಂದು ಹೊಸ್ತಿಲು ಬೇಕು. ಹೊಸ್ತಿಲು ಯಾರನ್ನೂ ತಡೆಯುವುದಿಲ್ಲ. ದಾಟುವವನು ಕಾಲನ್ನು ನೋಡಿ ಇಡುವಂತೆ ಮಾಡುವುದು. ಆ ಗೂಟ, ಆ ಬಂಡೆ, ಆ ಕದಲದ ಒಲೆ ಇವೆಲ್ಲ ಅಂಥ ಹೊಸ್ತಿಲುಗಳು. ಅವುಗಳನ್ನು ಯೋಜಕರು ಇಡಬಹುದು. ಒಲೆಯ ಬೆಂಕಿ ಆರಿತೇ ಇಲ್ಲವೇ ಎಂಬುದನ್ನು ಯಾವ ಯೋಜಕನೂ ಬಂದು ನೋಡಲಾರನು.

ಅಮೆರಿಕಾದ ಅರಣ್ಯಾಧಿಕಾರಿಗಳು ಬಿಡಾರದವರಿಗೆ ಹೇಳಿಕೊಡುವ ಒಂದು ಕ್ರಮವುಂಟು. ಹೊರಡುವ ಮುನ್ನ ಒಲೆಗೆ ನೀರು ಹೊಯ್ಯಬೇಕು. ಬೂದಿಯನ್ನು ಕೆದಕಿ ಮತ್ತೆ ನೀರು ಹೊಯ್ಯಬೇಕು. ಕೊನೆಗೆ ಬರಿಯ ಕೈಯನ್ನು ಹತ್ತಿರ ತಂದು, ಬಿಸಿಯಿಲ್ಲವೆಂದು ತಿಳಿದ ಮೇಲೆಯೇ ಕಾಲು ತೆಗೆಯಬೇಕು. ಮುಂದಿನ ಕಾರ್ತಿಕದಲ್ಲಿ ನಮ್ಮ ತೋಪಿನಲ್ಲಿ ಊಟವೆಲ್ಲ ಮುಗಿದು, ಪಾತ್ರೆಗಳನ್ನು ಕಟ್ಟಿಯಾದ ಮೇಲೆ, ಒಂದು ತಂಬಿಗೆ ನೀರನ್ನು ಆ ಮೂರು ಕಲ್ಲಿನ ನಡುವಿಗೆಂದು ಉಳಿಸಿಟ್ಟುಕೊಂಡರೆ ಈ ಮಾತುಗಳನ್ನು ಕೇಳಿದುದು ಸಾರ್ಥಕವಾದಂತೆ.